ಮೂರು ಕಾಲಿನ ಐದು ವೋಲ್ಟ್

ಪ್ರಾಜೆಕ್ಟಿನ ಕಾಲ ಬಂತೆಂದರೆ ಬನಶಂಕರಿ, ಕುಮಾರಸ್ವಾಮಿ ಬಡಾವಣೆ ಸುತ್ತಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿನ ಕಡೆ ನಡೆಯುತ್ತಾರೆ. ಚೀಟಿಯಲ್ಲಿ ಬೇರೆ ಏನೇ ಇರಲಿ, ಈ ನಾಲ್ಕು ಇರುತ್ತವೆ: 9 ವೋಲ್ಟಿನ ಟ್ರಾನ್ಸ್‌ಫಾರ್ಮರ್, 4007 ಡಯೋಡುಗಳು, ದಪ್ಪನೆಯ ಕೆಪಾಸಿಟರ್ ಮತ್ತು 7805.

ಕಪ್ಪು ಮೈ, ಬೆನ್ನಿಗೆ ಲೋಹದ ತಗಡು, ಮೂರು ಕಾಲು. ಅಕ್ಷರ ನಮ್ಮ ಕಡೆ ಇರುವಂತೆ ಹಿಡಿದರೆ ಎಡಗಾಲು ಇನ್‌ಪುಟ್, ನಡುವಿನದು ಗ್ರೌಂಡ್, ಬಲಗಾಲು ಔಟ್‌ಪುಟ್. ಎಡಗಡೆ 7ರಿಂದ 25 ವೋಲ್ಟಿನೊಳಗೆ ಎಷ್ಟೇ ಕೊಟ್ಟರೂ ಬಲಗಡೆ 5 ವೋಲ್ಟ್ ಬರುತ್ತದೆ.

ಒಳಗೆ ಮುಖ್ಯವಾಗಿ ಮೂರು ಭಾಗ. ಒಂದು, ಬಿಸಿಯಾದರೂ ತಣ್ಣಗಾದರೂ ಹೆಚ್ಚುಕಡಿಮೆ ಅಲುಗದ ಒಂದು ಚಿಕ್ಕ ವೋಲ್ಟೇಜ್, ಅಳತೆಗೋಲು ಇದೇ. ಎರಡು, ಔಟ್‌ಪುಟ್ಟಿನ ಒಂದು ಪಾಲನ್ನು ಅದರ ಜೊತೆ ಹೋಲಿಸುತ್ತಲೇ ಇರುವ ಆಂಪ್ಲಿಫೈಯರ್. ಮೂರು, ಕರೆಂಟು ಹರಿಯುವ ದಾರಿಯಲ್ಲೇ ಕೂತ ಟ್ರಾನ್ಸಿಸ್ಟರ್. ಔಟ್‌ಪುಟ್ ಕೂದಲೆಳೆಯಷ್ಟು ಇಳಿದರೆ ಆಂಪ್ಲಿಫೈಯರ್ ಈ ಟ್ರಾನ್ಸಿಸ್ಟರನ್ನು ಸ್ವಲ್ಪ ತೆರೆಸುತ್ತದೆ, ಏರಿದರೆ ಬಿಗಿ ಮಾಡುತ್ತದೆ. ಅದು ಪೂರ್ತಿ ಆನ್ ಆಗುವುದೂ ಇಲ್ಲ, ಪೂರ್ತಿ ಆಫ್ ಆಗುವುದೂ ಇಲ್ಲ. 7805ರಂಥ ಲೀನಿಯರ್ ರೆಗ್ಯುಲೇಟರಿನ ಗುಣವೂ ಅವಗುಣವೂ ಇಲ್ಲೇ ಇದೆ. ಇಷ್ಟೆಲ್ಲವನ್ನೂ ಒಂದೇ ಚಿಪ್ಪಿನೊಳಗೆ ಕೂರಿಸಿ 5 ವೋಲ್ಟಿನ ಮೂರು ಕಾಲಿನ ರೆಗ್ಯುಲೇಟರ್ ಕೊಟ್ಟವನು ಅಮೆರಿಕದ ಬಾಬ್ ವಿಡ್ಲರ್. ಅದರ ಹೆಸರು ಎಲ್‌ಎಂ109. ಫೇರ್‌ಚೈಲ್ಡ್ ಕಂಪನಿಯ 7800 ಸರಣಿ ಬಂದದ್ದು ಅದರ ಬೆನ್ನಿಗೆ, 1970ರ ದಶಕದಲ್ಲಿ.

ಈಗ ಲೆಕ್ಕ. ಟ್ರಾನ್ಸ್‌ಫಾರ್ಮರ್ ಕೊಡುವ 9 ವೋಲ್ಟ್ ಎಸಿಯ ಶಿಖರ ಸುಮಾರು 12.7 ವೋಲ್ಟ್. ಎರಡು ಡಯೋಡುಗಳು 1.4 ವೋಲ್ಟ್ ನುಂಗಿದರೆ ಕೆಪಾಸಿಟರಿಗೆ ಸಿಗುವುದು 11.3. ನಮ್ಮ ಸರ್ಕ್ಯೂಟಿಗೆ ಅರ್ಧ ಆಂಪಿಯರ್ ಬೇಕು ಎನ್ನೋಣ. ಒಂದು ಶಿಖರದಿಂದ ಇನ್ನೊಂದಕ್ಕೆ 10 ಮಿಲಿಸೆಕೆಂಡ್. ಅದರಲ್ಲಿ ಸುಮಾರು 8 ಮಿಲಿಸೆಕೆಂಡ್ ಕೆಪಾಸಿಟರ್ ಒಂದೇ ಭಾರ ಹೊರಬೇಕು. ಅದು 1000 ಮೈಕ್ರೋಫ್ಯಾರಡಿನದಾದರೆ ಅಷ್ಟರಲ್ಲಿ 4 ವೋಲ್ಟ್ ಇಳಿದು 7.3ಕ್ಕೆ ಬರುತ್ತದೆ. 7805ಕ್ಕೆ ಔಟ್‌ಪುಟ್ಟಿಗಿಂತ ಸುಮಾರು 2 ವೋಲ್ಟ್ ಹೆಚ್ಚು ಇರಲೇಬೇಕು, ಎಂದರೆ 7. ಅಂತೂ ಪಾಸು.

ಆದರೆ ಏಪ್ರಿಲ್ ಸಂಜೆ ಬೀದಿಯ ಏರ್ ಕಂಡಿಷನರುಗಳೆಲ್ಲ ಒಟ್ಟಿಗೆ ಓಡಿ ಮನೆಯ 230 ವೋಲ್ಟ್ 190ಕ್ಕೆ ಕುಸಿಯಿತು ಎನ್ನಿ. ಕೆಪಾಸಿಟರಿನ ಶಿಖರ 11.3ರಿಂದ 9.1ಕ್ಕೆ ಇಳಿಯುತ್ತದೆ, ತಳ 5.1ಕ್ಕೆ. ಔಟ್‌ಪುಟ್ ಸೆಕೆಂಡಿಗೆ 100 ಸಲ ತಗ್ಗುತ್ತದೆ. ನಮ್ಮ ಸರ್ಕ್ಯೂಟ್ ಆಡಿಯೋ ಆಂಪ್ಲಿಫೈಯರ್ ಆದರೆ ಗುಂಯ್ ಎನ್ನುತ್ತದೆ, ಮೈಕ್ರೋಕಂಟ್ರೋಲರ್ ಆದರೆ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಬೈಗುಳ ಬೀಳುವುದು ಮಾತ್ರ 7805ಕ್ಕೆ. ಕೆಪಾಸಿಟರನ್ನು 2200ಕ್ಕೆ ಏರಿಸಿದರೆ ತಳ ಮತ್ತೆ 7.3ರ ಹತ್ತಿರ ನಿಲ್ಲುತ್ತದೆ.

ಹಾಗಾದರೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನೇ ಹಾಕಿಬಿಡೋಣ ಎಂದರೆ ಶಾಖದ ಕಾಟ. ಹೆಚ್ಚಾದ ಪ್ರತಿ ವೋಲ್ಟನ್ನೂ ಆ ಟ್ರಾನ್ಸಿಸ್ಟರ್ ಬಿಸಿಯಾಗಿಯೇ ಕಳೆಯಬೇಕು. 9 ವೋಲ್ಟಿನಲ್ಲೇ ಸರ್ಕ್ಯೂಟಿಗೆ 2.5 ವಾಟ್ ತಲುಪಿಸಲು ಸುಮಾರು 2.7 ವಾಟ್ ಶಾಖವಾಗಿ ಹೋಗುತ್ತದೆ. ಹೀಟ್‌ಸಿಂಕ್ ಇಲ್ಲದ 7805 ಪ್ರತಿ ವಾಟಿಗೂ ಸುಮಾರು 65 ಡಿಗ್ರಿ ಕಾಯುತ್ತದೆ. ಇಲ್ಲಿ ಕೋಣೆಯ ಬಿಸಿಗಿಂತ 175 ಡಿಗ್ರಿ ಮೇಲೆ. ಅಷ್ಟರವರೆಗೆ ಅದು ಕಾಯುವುದಿಲ್ಲ, ಒಳಗಿನ ಕಾವಲು ಮೊದಲೇ ಔಟ್‌ಪುಟ್ ನಿಲ್ಲಿಸುತ್ತದೆ. ಹಾಗಾಗಿ ಹೀಟ್‌ಸಿಂಕ್ ಅಲಂಕಾರವಲ್ಲ. 7805ರ ತಗಡು ಗ್ರೌಂಡಿಗೇ ಸೇರಿರುವುದರಿಂದ ಅದನ್ನು ಗ್ರೌಂಡ್ ಮಾಡಿದ ಪೆಟ್ಟಿಗೆಗೆ ನೇರವಾಗಿ ಬೋಲ್ಟ್ ಹಾಕಬಹುದು. ಅದರ ಮೈನಸ್ ಜೋಡಿ 7905ರಲ್ಲಿ ತಗಡು ಇನ್‌ಪುಟ್. ನಡುವೆ ಮೈಕಾ ಹಾಳೆ ಇಡಲು ಮರೆತರೆ ಶಾರ್ಟ್.

ಇಷ್ಟು ಪೋಲು ಮಾಡುವುದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೇವೆ? ಮೊಬೈಲ್ ಚಾರ್ಜರಿನಲ್ಲಿರುವ ಸ್ವಿಚಿಂಗ್ ಸಪ್ಲೈ ಮಿತವ್ಯಯಿ, ಆದರೆ ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ ಆನ್-ಆಫ್ ಆಗುತ್ತಾ ತನ್ನದೇ ಗದ್ದಲ ಎಬ್ಬಿಸುತ್ತದೆ. ಲೀನಿಯರಿನಲ್ಲಿ ಆ ಸ್ವಿಚ್ಚೇ ಇಲ್ಲ. ಆದ್ದರಿಂದ ಫೋನಿನೊಳಗೂ ಕ್ಯಾಮೆರಾ, ರೇಡಿಯೋ ಭಾಗಗಳ ಮುಂದೆ ಪುಟ್ಟ ಲೀನಿಯರ್ ರೆಗ್ಯುಲೇಟರುಗಳು ಕೂತಿರುತ್ತವೆ. ಅವಕ್ಕೆ 2 ವೋಲ್ಟ್ ಹೆಚ್ಚುವರಿ ಬೇಡ, ಅದರ ಹತ್ತರಲ್ಲೊಂದು ಪಾಲು ಸಾಕು. 3.7 ವೋಲ್ಟಿನ ಬ್ಯಾಟರಿಯಿಂದ 3.3 ತೆಗೆದರೆ ಪೋಲಾಗುವುದು ನೂರಕ್ಕೆ 11 ಪಾಲು ಮಾತ್ರ.