ಬಡಿಸುವವನ ಊಟವಾಯಿತೆ?

ಚಾಕಣದ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಪುಣೆ-ನಾಸಿಕ ಹೆದ್ದಾರಿಯ ಹೋಟೆಲುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ನೂರು ಮಂದಿಗೆ ಬಡಿಸುವ ನಮ್ಮ ಕನ್ನಡ ಹುಡುಗನು ತಾನು ಉಣ್ಣುವುದು ಮಾತ್ರ ಮಧ್ಯಾಹ್ನ ನಾಲ್ಕಕ್ಕೋ ಐದಕ್ಕೋ. ಅದುವರೆಗೆ ಚಹಾ ಮತ್ತು ತಂಬಾಕು. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ದಣಿದ ಮೈ ಮದ್ಯವನ್ನು ಬೇಡುತ್ತದೆ. ಮದ್ಯ ಒಳಹೊಕ್ಕ ಮೇಲೆ ಅನ್ನ ಬೇಡವಾಗುತ್ತದೆ.

ಇದು ಕೇವಲ ಶೀಲದ ಪ್ರಶ್ನೆಯೆಂದು ನಾವೂ ಬಹುಕಾಲ ನಂಬಿದ್ದೆವು. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ಕೈ ನಡುಗಿ ಲೋಟಗಳನ್ನು ಒಡೆದ ಅಡಿಗೆಯವನೊಬ್ಬನ ಸಂಬಳದಲ್ಲಿ ಹಣ ಮುರಿದುಕೊಂಡೆವು, ಬುದ್ಧಿ ಹೇಳಿದೆವು. ಊಟವಾಯಿತೆ ಎಂದು ಕೇಳಲಿಲ್ಲ. ಒಂದು ದಿನ ಆತನು ಹೇಳದೆ ಹೊರಟುಹೋದನು. ಅಂದು ಕೇಳದ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ಉಂಡ ಅನ್ನವನ್ನು ಮಿದುಳು ಶಕ್ತಿಯಾಗಿ ಮಾರ್ಪಡಿಸಿಕೊಳ್ಳಬೇಕಾದರೆ ಬಿ-1, ಅಂದರೆ ಥಯಾಮಿನ್ ಎಂಬ ಜೀವಸತ್ವ ಅವಶ್ಯ. ಶರೀರವು ಇದನ್ನು ಕೆಲವು ವಾರಗಳಿಗಿಂತ ಹೆಚ್ಚು ಕಾಲ ಕೂಡಿಡಲಾರದು. ಮದ್ಯಸಾರವು ಗ್ರಾಂ ಒಂದಕ್ಕೆ 7 ಕ್ಯಾಲೊರಿ ಕೊಟ್ಟು ಹಸಿವನ್ನು ಮರೆಸುತ್ತದೆ. ಜೀವಸತ್ವವನ್ನು ಕೊಡದಿರುವುದಲ್ಲದೆ, ಕರುಳು ಅದನ್ನು ಹೀರಿಕೊಳ್ಳದಂತೆಯೂ ತಡೆಯುತ್ತದೆ. ಕೊರತೆ ಬೆಳೆದಂತೆ ಸಿಡುಕು, ನಿರುತ್ಸಾಹ, ಮರೆವು ತಲೆದೋರುತ್ತವೆ. ವಿಪರೀತಕ್ಕೆ ಹೋದರೆ ನಡಿಗೆ ತಪ್ಪುತ್ತದೆ, ದೃಷ್ಟಿ ಕದಲುತ್ತದೆ, ಬುದ್ಧಿ ಭ್ರಮಿಸುತ್ತದೆ. 1881ರಲ್ಲಿ ಕಾರ್ಲ್ ವರ್ನಿಕೆ ಎಂಬ ವೈದ್ಯರು ವರ್ಣಿಸಿದ ಈ ರೋಗವನ್ನು ಜನರು ಅಮಲೆಂದು ತಿಳಿದು ಬಿಟ್ಟುಬಿಡುವುದುಂಟು. ಸಕಾಲದಲ್ಲಿ ಥಯಾಮಿನ್ ಚುಚ್ಚುಮದ್ದು ದೊರೆಯದಿದ್ದರೆ ಮರೆವು ಶಾಶ್ವತವಾಗಬಹುದು.

ಅನ್ನದ ಆಯ್ಕೆಯಲ್ಲಿಯೂ ಲಾಭನಷ್ಟವುಂಟು. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್ನರು, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡುಳ್ಳ ಅಕ್ಕಿ ತಿಂದು ಅವು ಚೇತರಿಸಿಕೊಳ್ಳುವುದನ್ನೂ ಕಂಡರು. 1929ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ-1 ಕಾಳಿನೊಳಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯ ಗುಟ್ಟು ಇದೇ. ಊರಿನಲ್ಲಿ ತಾಯಿ ಬಡಿಸಿದ ಗಂಜಿಯನ್ನು ಇಲ್ಲಿ ಹೀಗಳೆಯುವುದು ತರವಲ್ಲ. ಮೊಳಕೆ ಬರಿಸಿದ ಮಡಿಕೆಕಾಳಿನ ಉಸಳ್, ಸಜ್ಜೆಯ ಭಾಕರಿ, ಶೇಂಗಾ ಇವೂ ಬಿ-1 ಉಳ್ಳವೇ. ಈ ನಾಡಿನಲ್ಲಿ ಸುಲಭವಾಗಿ ಸಿಗುವಂಥವು.

ಹಸಿವು, ಕೋಪ, ಒಂಟಿತನ, ದಣಿವು: ಚಟ ಬಿಟ್ಟವರು ಪರಸ್ಪರ ಎಚ್ಚರಿಸಿಕೊಳ್ಳುವುದು ಈ ನಾಲ್ಕರ ವಿಷಯದಲ್ಲಿ. ಮನೆಮಾರು ಬಿಟ್ಟು ಬಂದ ನಮ್ಮವರಲ್ಲಿ ನಾಲ್ಕೂ ಒಟ್ಟಿಗೆ ಮನೆಮಾಡಿಕೊಂಡಿರುತ್ತವೆ. ಅವುಗಳಲ್ಲಿ ಹಸಿವನ್ನಂತೂ ಒಂದು ತಟ್ಟೆ ಅನ್ನ ನೀಗಬಲ್ಲದು.

ಹಾಗೆಂದು ಅನ್ನವೊಂದೇ ಚಟವನ್ನು ಬಿಡಿಸೀತೆಂದು ನಾವು ಹೇಳುವುದಿಲ್ಲ. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಸನ್ನಿ ಬಂದು ಪ್ರಾಣಾಪಾಯವಾದೀತು. ವೈದ್ಯರ ಕಣ್ಣೆದುರಿನಲ್ಲಿಯೇ ಬಿಡತಕ್ಕದ್ದು. ಡಾ. ಅನಿತಾ ಅವಚಟ್ ಮತ್ತು ಡಾ. ಅನಿಲ್ ಅವಚಟ್ ದಂಪತಿಗಳು, ಮರಾಠಿ ಸಾಹಿತಿ ಪು. ಲ. ದೇಶಪಾಂಡೆಯವರ ನೆರವಿನಿಂದ, 1986ರಲ್ಲಿ ಸ್ಥಾಪಿಸಿದ ‘ಮುಕ್ತಾಂಗಣ’ ಚಾಕಣಕ್ಕೆ ದೂರವಲ್ಲದ ಪುಣೆಯ ಯೆರವಡೆಯಲ್ಲಿದೆ. ಮನಸ್ಸಿನ ಕಳವಳಕ್ಕೆ ಕನ್ನಡದಲ್ಲಿಯೇ ಮಾತನಾಡಬಯಸುವವರು 14416 ಸಂಖ್ಯೆಗೆ ದೂರವಾಣಿ ಮಾಡಬಹುದು. ಅದು ಸರಕಾರದ ಉಚಿತ ಸೇವೆ.

ಮಾಲಿಕ ಮಿತ್ರರಲ್ಲಿ ನಮ್ಮ ಅರಿಕೆ ಇಷ್ಟೆ: ಗಿರಾಕಿಗಳ ನೂಕುನುಗ್ಗಲಿಗೆ ಮೊದಲೇ ಕೆಲಸಗಾರರ ಪಂಕ್ತಿ ಆಗಲಿ. ಖೋಲಿಗಳಲ್ಲಿ ಒಟ್ಟಿಗಿರುವ ಗುಮಾಸ್ತ ಬಂಧುಗಳು, ಜತೆಯವನು ತಟ್ಟೆ ಸರಿಸಿ ಮಲಗಿದರೆ ಸುಮ್ಮನಿರದಿರಲಿ. ಬೈಯುವ ಮೊದಲು ಒಂದು ಮಾತು ಕೇಳೋಣ: “ಊಟವಾಯಿತೆ?”