ಕೋಟೆ ಹೈಸ್ಕೂಲು ಮೈದಾನದ ಬೇಸಿಗೆ ಕಛೇರಿ

ನಮ್ಮ ಗಂಗಾವತಿ ಕಡೆಯವರಿಗೆ ರಾಮ ದೂರದವನಲ್ಲ. ಮರಳಿಯಿಂದ ಆನೆಗೊಂದಿಯ ದಿಕ್ಕು ಹಿಡಿದರೆ ಭತ್ತದ ಗದ್ದೆಗಳಾಚೆ ಅಂಜನಾದ್ರಿ, ಅದರಾಚೆ ಪಂಪಾ ಸರೋವರ, ಹೊಳೆ ದಾಟಿದರೆ ಮಾಲ್ಯವಂತ. ರಾಮ ಸುಗ್ರೀವನ ಸ್ನೇಹ ಮಾಡಿದ್ದು, ಮಳೆಗಾಲ ಕಳೆದದ್ದು ಎಲ್ಲ ಇಲ್ಲೇ ಎಂದು ಊರಿನ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಚೈತ್ರ ಶುದ್ಧ ನವಮಿಯ ದಿನ ತೊಟ್ಟಿಲು ತೂಗಿ, ಭಜನೆ ಮಾಡಿ, ಪಾನಕ ಕುಡಿದರೆ ಇಲ್ಲಿನ ರಾಮನವಮಿ ಮುಗಿಯಿತು. ಅದೇ ರಾಮನ ಹೆಸರಿನಲ್ಲಿ ತಿಂಗಳಿಗೂ ಮೀರಿ ಶಾಸ್ತ್ರೀಯ ಸಂಗೀತ ಕೇಳುವ ಆಸೆಯಿದ್ದರೆ ಮಾತ್ರ ಕಿಷ್ಕಿಂಧೆಯವರೂ ಬೆಂಗಳೂರಿನ ಗಾಡಿ ಹತ್ತಬೇಕು. ಅಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಚಪ್ಪರ ಎದ್ದಿರುತ್ತದೆ.

ಮಂಡಳಿ ಹುಟ್ಟಿದ್ದು 1939ರಲ್ಲಿ. ಕಟ್ಟಿದವರು ಎಸ್.ವಿ. ನಾರಾಯಣಸ್ವಾಮಿ ರಾವ್. ಆಗ ಅವರು ಇನ್ನೂ ಚಿಕ್ಕ ವಯಸ್ಸಿನವರು, ಕೈಯಲ್ಲಿ ದುಡ್ಡಿಲ್ಲ, ಬೆನ್ನಿಗೆ ಅರಮನೆಯಿಲ್ಲ. ಬೀದಿಯಲ್ಲೊಂದು ರಾಮನ ಪಟವಿಟ್ಟು ಪೂಜೆ ಮಾಡಿ ಪಾನಕ ಹಂಚುವುದು ಹಳೆ ಮೈಸೂರಿನ ಎಷ್ಟೋ ಪೇಟೆಗಳಲ್ಲಿ ನಡೆಯುತ್ತಿದ್ದದ್ದೇ. ಪಟದ ಮುಂದೆ ನಾಲ್ಕು ಹಾಡು ಹಾಡಿಸುವುದೂ ಹೊಸದಲ್ಲ. ರಾವ್ ಆ ರೂಢಿಯನ್ನೇ ಹಿಡಿದು ಎಳೆಯುತ್ತಾ ಹೋದರು. ಒಂದು ದಿನದ್ದು ವಾರವಾಯಿತು, ವಾರದ್ದು ತಿಂಗಳಾಯಿತು, ಬೀದಿಗೆ ಹಿಡಿಸದೆ ಮೈದಾನಕ್ಕೆ ಬಂತು. ದಕ್ಷಿಣದ ದೊಡ್ಡ ವಿದ್ವಾಂಸರೆಲ್ಲ ವರ್ಷಕ್ಕೊಮ್ಮೆ ಆ ವೇದಿಕೆ ಹತ್ತುವುದು ವಾಡಿಕೆಯಾಯಿತು. ಚೆಂಬೈ, ಸೆಮ್ಮಂಗುಡಿ, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಹಾಡಿದರು. ಚೆಂಬೈ ಶಿಷ್ಯ ಯೇಸುದಾಸ್ ಬಂದ ಸಂಜೆ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮ ಗದಗಿನ ಭೀಮಸೇನ ಜೋಶಿಯವರೂ ಹಾಡಿದ್ದಾರೆ.

1939 ಎಂಬ ಇಸವಿಯನ್ನು ಸ್ವಲ್ಪ ಗಮನಿಸಬೇಕು. ಅಲ್ಲಿಯವರೆಗೆ ಮೈಸೂರು ಸೀಮೆಯಲ್ಲಿ ಸಂಗೀತದ ದೊಡ್ಡ ಆಸರೆಯೆಂದರೆ ಅರಮನೆ. ವೀಣೆ ಶೇಷಣ್ಣ, ಮುತ್ತಯ್ಯ ಭಾಗವತರು, ವಾಸುದೇವಾಚಾರ್ಯರು, ಎಲ್ಲರೂ ಆಸ್ಥಾನದವರೇ. ದರ್ಬಾರಿನ ಕಛೇರಿಗೆ ಕರೆ ಬಂದವರು ಕೇಳಿದರು, ಉಳಿದವರು ಕೇಳಿದವರ ಬಾಯಲ್ಲಿ ಕೇಳಿದರು. ಹಾಗೆಂದು ಬೇರೆ ದಾರಿ ಇರಲೇ ಇಲ್ಲವೆಂದಲ್ಲ. ಬೆಂಗಳೂರಿನ ಗಾಯನ ಸಮಾಜ 1905ರಷ್ಟು ಹಳೆಯದು. ಪಿಟೀಲು ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿ ಅಲ್ಲೇ ಕಛೇರಿಗಳನ್ನು ಮಾಡಿಸಿದರು. ಆದರೆ ಬಯಲಿನಲ್ಲಿ ಚಪ್ಪರ ಹಾಕಿ, ಮುಂದಿನ ಕುರ್ಚಿಗೆ ಟಿಕೆಟ್ಟು ಮಾರಿ, ಹೊರಗೆ ರಸ್ತೆಬದಿ ಕೂತವನನ್ನು ಯಾರೂ ಎಬ್ಬಿಸದ ಹಾಗೆ ವ್ಯವಸ್ಥೆ ಮಾಡಿದ್ದಿದೆಯಲ್ಲ, ಅದು ಬೇರೆಯೇ ಬಗೆಯ ಲೆಕ್ಕಾಚಾರ. ಮರುವರ್ಷವೇ, 1940ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇನ್ನೊಂದು ಹತ್ತು ವರ್ಷದೊಳಗೆ ಸಂಸ್ಥಾನವೇ ಇರಲಿಲ್ಲ.

ಈ ಚಪ್ಪರದಲ್ಲಿ ಯಾರ ಸಂಗೀತ ಹೆಚ್ಚು ಕೇಳುತ್ತದೆ? ತ್ಯಾಗರಾಜರು (1767-1847), ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು (1762-1827). ಯುರೋಪಿನ ಸಂಗೀತದಲ್ಲಿ ರೊಮ್ಯಾಂಟಿಕ್ ಯುಗವೆಂದು ಕರೆಯುವ ಕಾಲಕ್ಕೆ ಬಾಗಿಲು ತೆರೆದ ಬೀಥೋವನ್ ತ್ಯಾಗರಾಜರಿಗಿಂತ ಮೂರು ವರ್ಷ ಚಿಕ್ಕವನು. ಶ್ಯಾಮಾಶಾಸ್ತ್ರಿಗಳು ತೀರಿಕೊಂಡ ವರ್ಷವೇ ತೀರಿಕೊಂಡವನು. ತಿರುವಾಂಕೂರಿನ ಸ್ವಾತಿ ತಿರುನಾಳ್ 1813ರವರು, ಪೋಲೆಂಡಿನ ಶೋಪ್ಯಾನ್ 1810ರವನು, ಇಬ್ಬರಿಗೂ ನಲವತ್ತು ತುಂಬಲಿಲ್ಲ. ಒಬ್ಬರ ಹಾಡು ಒಬ್ಬರ ಕಿವಿಗೆ ಬಿದ್ದದ್ದಿಲ್ಲ. ಆದರೂ ಒಂದು ವಿಷಯದಲ್ಲಿ ಎರಡೂ ಕಡೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿತ್ತು. ಅಲ್ಲಿ ರಚನಕಾರ ದೊರೆಯ ಚಾಕರಿ ಬಿಟ್ಟು ತನ್ನ ಒಳಗಿನದನ್ನು ತನ್ನ ಹೆಸರಿನಲ್ಲೇ ಹೇಳತೊಡಗಿದ. ಇಲ್ಲಿ ತ್ಯಾಗರಾಜರು ತಂಜಾವೂರಿನ ಆಸ್ಥಾನದ ಕರೆಯನ್ನು ಬೇಡವೆಂದು ಉಂಛವೃತ್ತಿಗೆ ಹೊರಟರೆಂಬ ಕಥೆ ಉಳಿದುಬಂದಿದೆ. ಅವರ ಕೃತಿಗಳಲ್ಲಿ ರಾಮನೊಡನೆ ಜಗಳ, ದೂರು, ಮುನಿಸು, ನಾಚಿಕೆ ಎಲ್ಲ ಉಂಟು, ರಾಜನ ಹೊಗಳಿಕೆಯೊಂದನ್ನು ಬಿಟ್ಟು.

ಪಶ್ಚಿಮದ ಗಾಳಿ ನೇರವಾಗಿಯೇ ತಾಗಿದ್ದೂ ಉಂಟು. ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತದ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ಮಾಡಿದರು. ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯೂ ಅದರಲ್ಲಿ ಸೇರಿದೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದರು. ಇವತ್ತು ಕೋಟೆ ಮೈದಾನದಲ್ಲಿ ಪಕ್ಕದಲ್ಲಿ ಪಿಟೀಲಿಲ್ಲದೆ ಹಾಡುವವರನ್ನು ಹುಡುಕಬೇಕು.

ತ್ಯಾಗರಾಜರ ಪರಂಪರೆಗೆ ಕನ್ನಡನಾಡಿನ ಕೊಂಡಿಯೂ ಇದೆ. ತ್ಯಾಗರಾಜರ ನೇರ ಶಿಷ್ಯರು ವಾಲಾಜಾಪೇಟೆ ವೆಂಕಟರಮಣ ಭಾಗವತರು. ಅವರ ಶಿಷ್ಯ ಸದಾಶಿವರಾಯರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು ಮೈಸೂರು ಸದಾಶಿವರಾಯರೆನಿಸಿಕೊಂಡರು. ಅವರ ಕೈಕೆಳಗೆ ಶೇಷಣ್ಣ, ಸುಬ್ಬಣ್ಣ ಬೆಳೆದರು. ಎಂದರೆ ಕಾವೇರಿ ದಂಡೆಯ ತಿರುವಯ್ಯಾರಿನಿಂದ ಮೈಸೂರಿಗೆ ಎರಡೇ ಹೆಜ್ಜೆ. ಶೋಪ್ಯಾನ್ ತಲೆಮಾರಿನ ಈ ಸದಾಶಿವರಾಯರ ಕೃತಿಗಳು ಗಟ್ಟಿ ಬಂಧದವು, ಹಾಡಲು ದಮ್ಮು ಬೇಕು. ರಾಮನವಮಿ ಕಛೇರಿಗಳಲ್ಲಿ ಅವು ಕೇಳಿಬರುವುದು ಕಡಿಮೆ ಎಂಬುದು ನನ್ನದೊಂದು ತಕರಾರು. ಮುತ್ತಯ್ಯ ಭಾಗವತರು ನಾಲ್ವಡಿಯವರಿಗಾಗಿ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ಮಾಡಿದ 108 ಕೃತಿಗಳ ಗತಿಯೂ ಅದೇ. ಕನ್ನಡದ ಸರದಿ ಬರುವುದು ಕೊನೆಗೆ, ದೇವರನಾಮದ ಹೊತ್ತಿಗೆ.

ರಚನಕಾರರಿಗೆ ಗೌರವ ಸಲ್ಲಿಸುವ ಉತ್ಸವಗಳ ಮಾತು ಬಂದಾಗ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರನ್ನು (1878-1952) ಬಿಡುವ ಹಾಗಿಲ್ಲ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿತ್ತು. ಆಕೆ ಮದರಾಸಿನಲ್ಲಿ ಹಾಡಿ ಗಳಿಸಿದ್ದನ್ನು ತಂದು ಸುರಿದು 1920ರ ದಶಕದಲ್ಲಿ ಅಲ್ಲೊಂದು ಗುಡಿ ಎಬ್ಬಿಸಿದರು. ಆರಾಧನೆ ನಡೆಸುತ್ತಿದ್ದ ಗಂಡಸರು ಹೆಂಗಸರಿಗೆ ಹಾಡಲು ಅವಕಾಶ ಕೊಡುತ್ತಿರಲಿಲ್ಲ. ನಾಗರತ್ನಮ್ಮ ಹೆಂಗಸರದ್ದೇ ಬೇರೆ ಆರಾಧನೆ ಶುರುಮಾಡಿದರು. ದೇವದಾಸಿ ಮನೆತನದ ಹೆಣ್ಣುಮಗಳೊಬ್ಬಳು ತನ್ನ ದುಡ್ಡಿನಲ್ಲಿ ಕಟ್ಟಿದ ಗುಡಿಯ ಮುಂದೆ ಇವತ್ತು ನೂರಾರು ವಿದ್ವಾಂಸರು ಕೂತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಆಕೆಯ ಸಮಾಧಿಯೂ ಅಲ್ಲೇ, ತ್ಯಾಗರಾಜರ ಎದುರಿಗೇ ಇದೆ.

ಇನ್ನೊಂದು ಗೌರವ ಮೈಸೂರು ಅರಮನೆಯಿಂದ ಲಂಡನ್ನಿಗೆ ಹೋಯಿತು. ಜಯಚಾಮರಾಜ ಒಡೆಯರು (1919-1974) ಪಿಯಾನೊ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ರಷ್ಯದ ನಿಕೊಲಾಯ್ ಮೆಟ್ನರ್ ರೊಮ್ಯಾಂಟಿಕ್ ಧಾಟಿಯ ಕಡೆಯ ಕೊಂಡಿಗಳಲ್ಲೊಬ್ಬ, ರಖ್ಮಾನಿನೋವ್‌ನ ಗೆಳೆಯ. ಮುಪ್ಪಿನಲ್ಲಿ ಲಂಡನ್ನಿಗೆ ಬಂದು ನೆಲೆಸಿ, ಯಾರೂ ಕೇಳುವವರಿಲ್ಲದೆ ಮೂಲೆಗೆ ಬಿದ್ದಿದ್ದ. ಒಡೆಯರು ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು, ಅವನ ಕೈಯಿಂದಲೇ ಅವನ ಕೃತಿಗಳನ್ನು ನುಡಿಸಿ ಎಚ್‌ಎಂವಿ ತಟ್ಟೆಗಳಲ್ಲಿ ಮುದ್ರಣ ಮಾಡಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಸಿದ್ದರ ಹಿಂದೆಯೂ ಇದ್ದದ್ದು ಒಡೆಯರ ದುಡ್ಡೇ. ಇದೇ ಒಡೆಯರು ವಾಸುದೇವಾಚಾರ್ಯರ ಬಳಿ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಅಷ್ಟು ದೊಡ್ಡ ಮನಸ್ಸಿನ ಪೋಷಕ ಮತ್ತೊಬ್ಬ ಸಿಗುವುದಿಲ್ಲ. ಆದರೆ ಪೋಷಕನೊಬ್ಬನ ಮೇಲೆ ನಿಂತದ್ದು ಅವನ ಬೊಕ್ಕಸದಷ್ಟೇ ದಿನ ನಿಲ್ಲುತ್ತದೆ. ಮೆಟ್ನರ್ ತಟ್ಟೆಗಳು ಕೆಲವೇ ವರ್ಷಗಳಲ್ಲಿ ನಿಂತವು. ಚಾಮರಾಜಪೇಟೆಯ ಚಪ್ಪರ ಚಂದಾ, ಟಿಕೆಟ್ಟು, ಜಾಹೀರಾತುಗಳ ಮೇಲೆ ಎಂಟು ದಶಕ ದಾಟಿತು.

ಬೇಸಿಗೆಯೇ ಏಕೆ ಎಂದರೆ, ರಾಮನವಮಿ ಬರುವುದೇ ಆಗ. ಬೇರೆ ಅನುಕೂಲಗಳೂ ಇವೆ. ಶಾಲೆಗೆ ರಜೆ, ಮೈದಾನ ಖಾಲಿ. ಪರೀಕ್ಷೆ ಮುಗಿದಿರುತ್ತದೆ. ಮದರಾಸಿನ ಡಿಸೆಂಬರ್ ಹಂಗಾಮು ಮುಗಿಸಿ ವಿದ್ವಾಂಸರು ಬಿಡುವಾಗಿರುತ್ತಾರೆ. ಅಲ್ಲಿನ ಏಪ್ರಿಲ್ಲಿನ ಸೆಕೆಗಿಂತ ಬೆಂಗಳೂರಿನ ಸಂಜೆ ಎಷ್ಟೋ ವಾಸಿ.

ಸೆಕೆಯ ಪೆಟ್ಟು ಹೆಚ್ಚು ಬೀಳುವುದು ಮೃದಂಗಕ್ಕೆ. ಅದರ ಎಡ ಮುಖಕ್ಕೆ ರವೆಯನ್ನು ನೀರಲ್ಲಿ ಕಲಸಿ ನಡುವೆ ಬಿಲ್ಲೆಯಂತೆ ಹಚ್ಚುತ್ತಾರೆ. ಆ ಮಂದ್ರದ ಗುಂ ಎಂಬ ನಾದ ಅದರದ್ದೇ. ಒಣಹವೆಯಲ್ಲಿ ರವೆ ಬೇಗ ಆರಿ ಬಿರಿಯುತ್ತದೆ, ಮೃದಂಗದವರು ಹಾಡಿನ ಮಧ್ಯದಲ್ಲೇ ಒದ್ದೆ ಬೆರಳಿಂದ ಅದನ್ನು ತೀಡುತ್ತಾರೆ. ಬಲ ಮುಖದ ಚರ್ಮ ಬಿಸಿಗೆ ಬಿಗಿಯಾಗಿ ಶ್ರುತಿ ಏರುತ್ತದೆ. ಪಿಟೀಲಿನ ತಂತಿ ಅದೇ ಬಿಸಿಗೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಹಾಗಾಗಿ ಮೊದಲ ವರ್ಣ ಮುಗಿದೊಡನೆ ಒಬ್ಬರು ಕಲ್ಲಿನಿಂದ ಮೃದಂಗದ ಅಂಚು ಬಡಿಯುವುದು, ಇನ್ನೊಬ್ಬರು ಬಿರಡೆ ತಿರುಗಿಸುವುದು ಕಂಡರೆ ಅಸಡ್ಡೆ ಎಂದುಕೊಳ್ಳಬಾರದು. ಏಳೂವರೆಗೋ ಎಂಟಕ್ಕೋ ಮಾವಿನ ಮಳೆ ಸುರಿದುಬಿಟ್ಟರೆ ಎಲ್ಲ ಲೆಕ್ಕ ಉಲ್ಟಾ. ತಂಪಿಗೆ ಚರ್ಮ ಇಳಿಯುತ್ತದೆ, ಚಪ್ಪರದ ಮೇಲಿನ ಸದ್ದು ಆಲಾಪನೆಯನ್ನು ನುಂಗುತ್ತದೆ, ಅಂಚಿನಲ್ಲಿ ಕೂತವರು ಕುರ್ಚಿ ಎತ್ತಿಕೊಂಡು ಒಳಗೆ ಸರಿಯುತ್ತಾರೆ. ಹೊರಗಿನ ಬಸ್ಸಿನ ಹಾರ್ನಿಗಂತೂ ಯಾವ ಋತುವೂ ಇಲ್ಲ. ಎದುರಿಗೆ ಕೃಷ್ಣರಾಜ ಮಾರುಕಟ್ಟೆ. ಇಂಥ ಗಲಾಟೆಯ ನಡುವೆ ರಾಗ ಕಟ್ಟುವುದು ಎಸಿ ಸಭಾಂಗಣದಲ್ಲಿ ಕಟ್ಟಿದಂತಲ್ಲ. ಮೈಕಿನವರು ಅದಕ್ಕೆ ಪರಿಹಾರವೆಂದು ಸದ್ದು ಏರಿಸುತ್ತಲೇ ಹೋಗುತ್ತಾರೆ, ಆಗ ತಂಬೂರಿಯೇ ಕೇಳಿಸದಂತಾಗುತ್ತದೆ. ಅದೊಂದನ್ನು ತಗ್ಗಿಸಿದರೆ ಒಳ್ಳೆಯದು.

ಹೊಸಬರು ಹೆದರಬೇಕಾಗಿಲ್ಲ. ಸಂಗೀತ ತಿಳಿಯದವರು ಕಛೇರಿಯ ಕೊನೆಯ ಮುಕ್ಕಾಲು ಗಂಟೆಗೆ ಬಂದರೂ ನಷ್ಟವಿಲ್ಲ. ಮೃದಂಗದವರ ತನಿ ಆವರ್ತನ ಮುಗಿದ ಮೇಲೆ ಉಗಾಭೋಗ, ದೇವರನಾಮಗಳು ಶುರುವಾಗುತ್ತವೆ. ಪುರಂದರದಾಸರು (1484-1564) ಕೊನೆಗಾಲ ಕಳೆದದ್ದು ನಮ್ಮ ಹೊಳೆಯಾಚೆಯ ಹಂಪಿಯಲ್ಲಿ. ಅವರ ಹೆಸರಿನ ಮಂಟಪ ತುಂಗಭದ್ರೆಯ ದಡದಲ್ಲೇ ಇದೆ, ನೀರು ಏರಿದಾಗ ಮುಳುಗುತ್ತದೆ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ಎಂದು ಮಕ್ಕಳ ಪಾಠ ಕಟ್ಟಿಕೊಟ್ಟವರೂ ಅವರೇ ಎಂದು ವಿದ್ವಾಂಸರು ಒಪ್ಪುತ್ತಾರೆ. ಅವರ ಗುರು ವ್ಯಾಸರಾಯರ ಬೃಂದಾವನ ಆನೆಗೊಂದಿಯ ನವಬೃಂದಾವನ ಗಡ್ಡೆಯಲ್ಲಿ. ಹೀಗೆ ಬೆಂಗಳೂರಿನ ಚಪ್ಪರದಲ್ಲಿ ರಾತ್ರಿ ಒಂಬತ್ತರ ಮೇಲೆ ಹಾಡುವುದರಲ್ಲಿ ಬಹಳಷ್ಟು ನಮ್ಮ ಸೀಮೆಯದ್ದೇ. ಪುಷ್ಯದ ಅಮಾವಾಸ್ಯೆಗೆ ಹಂಪಿಯಲ್ಲಿ ಪುರಂದರರ ಪುಣ್ಯದಿನ ಮಾಡುತ್ತೇವೆ. ಬೇಸಿಗೆಯಲ್ಲಿ ಭತ್ತದ ಕಟಾವು ಮುಗಿದು ಕೈ ಬಿಡುವಾದಾಗ ಗಂಗಾವತಿಯಲ್ಲೋ ಆನೆಗೊಂದಿಯಲ್ಲೋ ಇಂಥದೊಂದು ಚಪ್ಪರ ಏಕೆ ಏಳಬಾರದು? ಹಿಂದೂಸ್ತಾನಿಯವರಿಗೆ ಗದಗ ಪಕ್ಕದಲ್ಲೇ ಇದೆ, ಕರ್ನಾಟಕಿಯವರಿಗೆ ಬಳ್ಳಾರಿಯಾಚೆ ಎಲ್ಲ ಊರುಗಳೂ ಇವೆ.

ಅಲ್ಲಿಯವರೆಗೆ ಬೆಂಗಳೂರಿಗೇ ಹೋಗಬೇಕು, ದಾರಿ ಸುಲಭ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಮೆಜೆಸ್ಟಿಕ್ಕಿನಿಂದ ಹಸಿರು ಮೆಟ್ರೊದಲ್ಲಿ ಕೃಷ್ಣರಾಜ ಮಾರುಕಟ್ಟೆ ನಿಲ್ದಾಣಕ್ಕೆ ಬಂದು ಇಳಿದರೆ ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ಗುಡಿ, ಹೈಸ್ಕೂಲು, ಎಲ್ಲ ನಡೆದು ಹೋಗುವಷ್ಟು ಹತ್ತಿರ. ಯುಗಾದಿ ಕಳೆದ ಮೇಲೆ ಪತ್ರಿಕೆಯಲ್ಲಿ ಕಾರ್ಯಕ್ರಮದ ಪಟ್ಟಿ ನೋಡಿಕೊಂಡು ಹೊರಡಿ. ಹೆಸರುವಾಸಿ ಗಾಯಕರ ದಿನ ಬೇಡ, ವಾರದ ನಡುವಿನ ದಿನ ಆರಿಸಿಕೊಳ್ಳಿ; ಮುಂದೆಯೇ ಜಾಗ ಸಿಗುತ್ತದೆ, ಹಾಡುವವರೂ ಅವಸರ ಮಾಡುವುದಿಲ್ಲ.