ಸೆಕೆಂಡ್ ಹ್ಯಾಂಡ್ ಸಕ್ಕಿಂಗ್ ಗಾಡಿ: ನಂಬಿಕೆ ಎಷ್ಟು, ನಿಜ ಎಷ್ಟು

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಹಳೆಯ ಸಕ್ಕಿಂಗ್ ಗಾಡಿ ನೋಡಲು ಹೋದವರ ಕಣ್ಣು ಮೊದಲು ಹೋಗುವುದು ಕಿಲೋಮೀಟರ್ ಮೀಟರಿನ ಮೇಲೆ. ಕಡಿಮೆ ಓಡಿದೆ, ಹಾಗಾದರೆ ಕಡಿಮೆ ಸವೆದಿದೆ ಎಂಬ ನಂಬಿಕೆ. ಬಾಡಿಗೆ ಲಾರಿಗೆ ಆ ಲೆಕ್ಕ ಸರಿಹೋಗಬಹುದು. ಈ ಗಾಡಿ ದುಡಿಯುವುದು ಮಾತ್ರ ನಿಂತಲ್ಲೇ. ಬಹುತೇಕ ಗಾಡಿಗಳಲ್ಲಿ ಪಂಪ್ ತಿರುಗಿಸುವುದು ಪಿಟಿಒ, ಅದಕ್ಕೆ ಬಲ ಬರುವುದು ಲಾರಿಯ ಎಂಜಿನ್ನಿನಿಂದ. ಗುಂಡಿಯ ಪಕ್ಕ ಗಂಟೆಗಟ್ಟಲೆ ಎಂಜಿನ್ ಉರಿದರೂ ಮೀಟರ್ ಒಂದಂಕಿ ಕದಲುವುದಿಲ್ಲ. ಕೇಳಬೇಕಾದದ್ದು ಅವರ್ ಮೀಟರ್. ಅದಿಲ್ಲದಿದ್ದರೆ ದಿನಕ್ಕೆ ಎಷ್ಟು ಲೋಡ್ ಹೊಡೆಯುತ್ತಿದ್ದರು ಎಂದು ಮಾಲೀಕರನ್ನಲ್ಲ, ಡ್ರೈವರ್ ಅಣ್ಣನನ್ನು ವಿಚಾರಿಸಿ.

'ಪಂಪ್ ದೊಡ್ಡದು ಸಾರ್, ಎಷ್ಟು ಆಳದಿಂದ ಬೇಕಾದರೂ ಎಳೆಯುತ್ತೆ' ಎಂಬ ಮಾತಿಗೆ ಮರುಳಾಗಬೇಡಿ. ನಿಜವಾಗಿ ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಪಂಪ್ ಮಾಡುವುದು ಟ್ಯಾಂಕಿನೊಳಗಿನ ಗಾಳಿಯನ್ನು ಹೊರಹಾಕುವ ಕೆಲಸವಷ್ಟೇ. ಮಂಗಳೂರಿನ ಕಡಲ ಮಟ್ಟದಲ್ಲಿ ಆ ಒತ್ತಡ ಸುಮಾರು 760 ಮಿಲಿಮೀಟರ್ ಪಾದರಸ, ಅಂದರೆ 10.3 ಮೀಟರ್ ನೀರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು 685ರ ಆಸುಪಾಸಿಗೆ, ಸುಮಾರು 9.3 ಮೀಟರಿಗೆ ಇಳಿಯುತ್ತದೆ. ಇದು ಕಾಗದದ ಮೇಲಿನ ಮಿತಿ; ಗಟ್ಟಿ ಕೆಸರು, ಉದ್ದದ ಪೈಪು ಸೇರಿದರೆ ಇನ್ನೂ ಕಡಿಮೆ. ಹಾಗಾಗಿ ಬೆಂಗಳೂರಿನಲ್ಲಿ ನಿಂತ ಗಾಡಿಯ ವ್ಯಾಕ್ಯೂಮ್ ಗೇಜ್ 720 ತೋರಿಸಿದರೆ ಹಿಗ್ಗಬೇಡಿ, ಗೇಜೇ ಕೆಟ್ಟಿದೆ. ಮುಳ್ಳು ಎಲ್ಲಿಗೆ ಏರಿತು ಎನ್ನುವುದಕ್ಕಿಂತ ಅಲ್ಲಿ ನಿಂತಿತೇ ಎನ್ನುವುದು ಮುಖ್ಯ. ವ್ಯಾಕ್ಯೂಮ್ ಏರಿಸಿ, ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಹತ್ತು ನಿಮಿಷ ನೋಡುತ್ತಾ ನಿಲ್ಲಿ. ಮುಳ್ಳು ಬೇಗ ಬಿದ್ದರೆ ಹಿಂಬಾಗಿಲಿನ ರಬ್ಬರ್, ವಾಲ್ವ್ ಅಥವಾ ಟ್ಯಾಂಕೇ ಸೋರುತ್ತಿದೆ. ಪಂಪಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ನುಗ್ಗಿದೆ ಎಂದೇ ಲೆಕ್ಕ.

ಹೊಸ ಪೇಂಟ್ ನೋಡಿ ಟ್ಯಾಂಕ್ ಗಟ್ಟಿ ಎಂದುಕೊಳ್ಳುವವರೂ ಇದ್ದಾರೆ. ತುಕ್ಕು ಹತ್ತುವುದು ಒಳಗಿನಿಂದ. ಪೂರ್ತಿ ವ್ಯಾಕ್ಯೂಮ್ ಏರಿದಾಗ ಟ್ಯಾಂಕಿನ ಪ್ರತಿ ಚದರ ಮೀಟರನ್ನೂ ಹೊರಗಿನ ಗಾಳಿ ಒಂಬತ್ತು ಟನ್ನಿಗೂ ಮಿಗಿಲಾದ ಭಾರದಿಂದ ಒತ್ತುತ್ತದೆ. ತೆಳುವಾದ ತಗಡು ಒಳಕ್ಕೆ ಕುಸಿದೀತು. ಅಲ್ಟ್ರಾಸಾನಿಕ್ ಗೇಜಿನಿಂದ ತಳಭಾಗದ ದಪ್ಪ ಅಳೆಸುವ ಖರ್ಚು ದಂಡವಲ್ಲ.

ಮಾರುವವರದ್ದು ಬೇರೊಂದು ನಂಬಿಕೆ: ದುಡ್ಡು ಬಂತು, ಫಾರಂ 29, 30ಕ್ಕೆ ಸಹಿ ಹಾಕಿದ್ದಾಯಿತು, ಇನ್ನು ಗಾಡಿಗೂ ನಮಗೂ ಸಂಬಂಧವಿಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ಅಪಘಾತದ ಪರಿಹಾರದ ಮಟ್ಟಿಗೆ, ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ಗಾಡಿ ನಾಲ್ಕು ಕೈ ಬದಲಾಗಿದ್ದರೂ ನೋಟಿಸು ಬರುವುದು ನಿಮ್ಮ ಮನೆಗೇ. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ. ಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ: ಹಳೆಯ ಲಾರಿಯ ಚಾಸಿಸ್ ಮೇಲೆ ಟ್ಯಾಂಕ್ ಕೂರಿಸಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು.

ಎಲ್ಲಕ್ಕಿಂತ ಅಪಾಯದ ನಂಬಿಕೆ, ಖಾಲಿ ಟ್ಯಾಂಕಿನಲ್ಲಿ ಗ್ಯಾಸ್ ಇರುವುದಿಲ್ಲ ಎಂಬುದು. ಮಾರುವ ಮುನ್ನ ಚೊಕ್ಕಟ ಮಾಡಲೆಂದು ಹುಡುಗನನ್ನು ಒಳಗಿಳಿಸುವ ಯೋಚನೆ ಅಲ್ಲಿಂದಲೇ ಹುಟ್ಟುತ್ತದೆ. ತಳದ ಕೆಸರನ್ನು ಕೆದಕಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ, ಅದರ ಪ್ರಮಾಣ ಹತ್ತು ಲಕ್ಷದಲ್ಲಿ ನೂರು ಪಾಲಿನ ಹತ್ತಿರ ಬಂದರೆ ಮೂಗೇ ಮರಗಟ್ಟಿ ನಾತ ತಿಳಿಯದಂತಾಗುತ್ತದೆ. ವಾಸನೆ ಹೋಯಿತು, ಗ್ಯಾಸ್ ಹೋಯಿತು ಎಂದು ಒಳಗಿರುವವನು ತಿಳಿಯುವ ಹೊತ್ತಿಗೇ ಅವನ ಜೀವಕ್ಕೆ ಕುತ್ತು. ಎತ್ತಲು ಇಳಿದವನೂ ಬೀಳುತ್ತಾನೆ. ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ, ಚರಂಡಿಗೆ ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ; ಆ ಕೆಲಸಕ್ಕೆ ಬದಲಿಯಾಗಿ ಬಂದ ಗಾಡಿಯ ಹೊಟ್ಟೆಗೇ ಒಬ್ಬನನ್ನು ಇಳಿಸುವುದು ಯಾವ ನ್ಯಾಯ? ಹಿಂಬಾಗಿಲು ತೆರೆದು, ಅದು ಬೀಳದಂತೆ ಆಸರೆ ಕೊಟ್ಟು, ಹೊರಗಿನಿಂದಲೇ ಜೆಟ್ ಹೊಡೆಸಿ. ಒಳಗೋಡೆ ನೋಡಬೇಕೆನ್ನುವ ಗಿರಾಕಿಗೆ ಉದ್ದದ ಕೋಲಿಗೆ ಮೊಬೈಲ್ ಕಟ್ಟಿ ವಿಡಿಯೊ ತೆಗೆದು ತೋರಿಸಿ.